ಆಕರಕೋಶ ಸಂಶೋಧನೆ: ಯಾರ ಹಣ, ಯಾರ ಸಮ್ಮತಿ?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ನಮ್ಮ ಕುಟುಂಬಗಳಿಗೆ ದೊಡ್ಡ ಕಾಯಿಲೆ ಬಂದೊದಗಿದಾಗ ಎರಡು ದಿಕ್ಕುಗಳು ನೆನಪಾಗುತ್ತವೆ. ಪಶ್ಚಿಮಕ್ಕೆ ಬೆಂಗಳೂರು, ಪೂರ್ವಕ್ಕೆ ವೆಲ್ಲೂರು. ಕೋಲಾರ, ಮುಳಬಾಗಿಲುಗಳನ್ನು ಹಾದು ಆಂಧ್ರದ ಗಡಿ ದಾಟುವ ಹೆದ್ದಾರಿಯಲ್ಲಿ ಬಸ್ಸು ಹಿಡಿದವರೂ, ಮಾಲೂರಿನ ಕಡೆಯಿಂದ ಬಂಗಾರಪೇಟೆಯ ಮೇಲೆ ಕಾಟ್ಪಾಡಿಗೆ ರೈಲಿನಲ್ಲಿ ಹೋದವರೂ ನಮ್ಮ ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಇದ್ದಾರೆ. ಔಷಧಿಯ ಚೀಟಿ, ಸ್ಕ್ಯಾನಿಂಗ್ ಚಿತ್ರಗಳ ಚೀಲ, ಮನೆಯವರು ಕೂಡಿಸಿಕೊಟ್ಟ ಹಣ ಮತ್ತು ಪ್ರಾರ್ಥನೆ, ಇಷ್ಟನ್ನು ಹೊತ್ತು ಅವರು ಹೊರಡುತ್ತಾರೆ.

ಕಳೆದ ಕಾಲು ಶತಮಾನದಿಂದ ಈ ಪಯಣಿಗರ ಕಿವಿಗೆ ಒಂದು ಹೊಸ ಪದ ಬೀಳುತ್ತಿದೆ. ಅದು ‘ಸ್ಟೆಮ್ ಸೆಲ್’. ಕನ್ನಡದಲ್ಲಿ ಇದನ್ನು ಆಕರಕೋಶ ಎಂದು ಕರೆಯುತ್ತಾರೆ. ನಡೆಯಲಾರದ ಮಗು ನಡೆಯುತ್ತದೆ, ಮಾತನಾಡದ ಮಗು ಮಾತನಾಡುತ್ತದೆ, ಸಕ್ಕರೆ ಕಾಯಿಲೆ ಬುಡಸಹಿತ ಹೋಗುತ್ತದೆ ಎಂಬ ಆಶ್ವಾಸನೆಗಳು ಈ ಪದದ ಬೆನ್ನಿಗೆ ಬರುತ್ತವೆ. ಇವುಗಳಲ್ಲಿ ನಿಜವೆಷ್ಟು, ಸುಳ್ಳೆಷ್ಟು? ಈ ಸಂಶೋಧನೆಗೆ ಯಾರು ಹಣ ಕೊಡುತ್ತಾರೆ, ಯಾರು ಕಡಿವಾಣ ಹಾಕುತ್ತಾರೆ? ಇದರ ಇತಿಹಾಸದ ಎರಡು ಮುಖ್ಯ ಅಧ್ಯಾಯಗಳು ನಾವು ಓಡಾಡುವ ಆ ಎರಡು ಊರುಗಳಲ್ಲಿಯೇ ನಡೆದಿವೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಆದುದರಿಂದ ಈ ಕಥೆಯನ್ನು ಮೊದಲಿನಿಂದ ಹೇಳುವುದು ಉಚಿತ.

ಕಸಿ ಎಂಬ ಹಳೆಯ ಪದ

ಶ್ರೀನಿವಾಸಪುರದ ಮಾವಿನ ತೋಟದವರಿಗೆ ಕಸಿ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ನಾಟಿ ಗಿಡದ ಬೇರಿನ ಮೇಲೆ ಒಳ್ಳೆಯ ಜಾತಿಯ ಕಡ್ಡಿಯನ್ನು ಕೂಡಿಸಿ ಕಟ್ಟಿದರೆ ಎರಡೂ ಒಂದಾಗಿ ಬೆಳೆಯುತ್ತವೆ. ಒಗ್ಗದಿದ್ದರೆ ಕಡ್ಡಿ ಒಣಗಿಹೋಗುತ್ತದೆ. ವೈದ್ಯರು ‘ಅಸ್ಥಿಮಜ್ಜೆ ಕಸಿ’ ಎನ್ನುವಾಗಲೂ ಇದೇ ಪದವನ್ನು ಬಳಸುತ್ತಾರೆ. ನಮ್ಮ ಮೂಳೆಗಳ ಒಳಗಿನ ಮಜ್ಜೆಯಲ್ಲಿ ರಕ್ತದ ಎಲ್ಲ ಬಗೆಯ ಕಣಗಳನ್ನೂ ಹಗಲಿರುಳು ಹುಟ್ಟಿಸುವ ಮೂಲಕೋಶಗಳಿವೆ. ಇವೇ ರಕ್ತದ ಆಕರಕೋಶಗಳು. ಇಂತಹ ಕೋಶಗಳಿವೆ ಎಂಬುದನ್ನು 1961ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕ್ಯುಲಕ್ ಎಂಬ ವಿಜ್ಞಾನಿಗಳು ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿಕೊಟ್ಟರು. ಅದಕ್ಕೂ ಮೊದಲೇ, 1956ರಲ್ಲಿ, ಅಮೆರಿಕದ ಡಾ. ಡೊನಾಲ್ ಥಾಮಸ್ ಅವರು ಅವಳಿಗಳಲ್ಲಿ ಒಬ್ಬರ ಮಜ್ಜೆಯನ್ನು ರಕ್ತದ ಕ್ಯಾನ್ಸರಿನಿಂದ ನರಳುತ್ತಿದ್ದ ಇನ್ನೊಬ್ಬರಿಗೆ ಕೊಟ್ಟಿದ್ದರು. 1990ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಈ ಬಗೆಯ ಆಕರಕೋಶಗಳ ಬಗ್ಗೆ ಯಾವ ಧರ್ಮದವರಿಗೂ ನೈತಿಕ ತಕರಾರಿಲ್ಲ. ಅಣ್ಣ ತಂಗಿಗೆ ಮಜ್ಜೆ ಕೊಟ್ಟರೆ ಅದು ರಕ್ತದಾನದಂತೆಯೇ ಪ್ರೀತಿಯ ಕಾರ್ಯ. ಕೊಟ್ಟವನ ದೇಹದಲ್ಲಿ ಮಜ್ಜೆ ಮತ್ತೆ ತುಂಬಿಕೊಳ್ಳುತ್ತದೆ. ತಕರಾರು ಹುಟ್ಟಿದ್ದು ಇನ್ನೊಂದು ಬಗೆಯ ಕೋಶಗಳಿಂದ.

1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಲೂಯಿಸ್ ಬ್ರೌನ್ ಎಂಬ ಮಗು ಪ್ರಣಾಳ ಶಿಶುವಾಗಿ ಜನಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕಲ್ಕತ್ತೆಯ ಡಾ. ಸುಭಾಷ್ ಮುಖರ್ಜಿ ಅವರ ಪ್ರಯತ್ನದಿಂದ ನಮ್ಮ ದೇಶದಲ್ಲಿಯೂ ಅಂತಹ ಶಿಶು ಹುಟ್ಟಿತು. ಮಕ್ಕಳಿಲ್ಲದವರಿಗೆ ಇದು ಸಂತೋಷದ ವಾರ್ತೆ. ಆದರೆ ಈ ವಿಧಾನದಲ್ಲಿ ಒಂದಕ್ಕಿಂತ ಹೆಚ್ಚು ಭ್ರೂಣಗಳು ರೂಪುಗೊಳ್ಳುತ್ತವೆ. ಎಲ್ಲವನ್ನೂ ತಾಯಿಯ ಗರ್ಭಕ್ಕೆ ಸೇರಿಸುವುದಿಲ್ಲ. ಉಳಿದವನ್ನು ಕಡುಚಳಿಯಲ್ಲಿ ಹೆಪ್ಪುಗಟ್ಟಿಸಿ ಇಡುತ್ತಾರೆ. ಆ ಉಳಿದ ಭ್ರೂಣಗಳು ಯಾರವು? ಅವುಗಳ ಗತಿಯೇನು? ಈ ಪ್ರಶ್ನೆ ವಿಜ್ಞಾನಿಗಳ ಕೋಣೆಯಿಂದ ಸಂಸತ್ತುಗಳಿಗೆ ಬಂದು ನಿಂತಿತು.

ಹದಿನಾಲ್ಕು ದಿನಗಳ ಗೆರೆ

ಇದಕ್ಕೆ ಮೊದಲು ಕಾಯ್ದೆಯ ರೂಪದಲ್ಲಿ ಉತ್ತರ ಹುಡುಕಿದ ದೇಶಗಳಲ್ಲಿ ಬ್ರಿಟನ್ ಮುಖ್ಯವಾದುದು. ಮೇರಿ ವಾರ್ನಾಕ್ ಎಂಬ ತತ್ತ್ವಶಾಸ್ತ್ರಜ್ಞೆಯ ಅಧ್ಯಕ್ಷತೆಯ ಸಮಿತಿಯು 1984ರಲ್ಲಿ ವರದಿ ಕೊಟ್ಟಿತು. ಅದರ ಆಧಾರದ ಮೇಲೆ 1990ರಲ್ಲಿ ಕಾಯ್ದೆಯಾಯಿತು. ಪ್ರಯೋಗಾಲಯದಲ್ಲಿರುವ ಭ್ರೂಣವನ್ನು ಹದಿನಾಲ್ಕು ದಿನಗಳಿಗಿಂತ ಹೆಚ್ಚು ಕಾಲ ಬೆಳೆಸಕೂಡದು ಎಂಬುದು ಅದರ ಮುಖ್ಯ ನಿಯಮ. ಸುಮಾರು ಆ ಹೊತ್ತಿಗೆ ಭ್ರೂಣದಲ್ಲಿ ಮುಂದೆ ಬೆನ್ನುಹುರಿಯ ಜಾಡಾಗುವ ಮೊದಲ ಗೆರೆ ಮೂಡುತ್ತದೆ. ಆನಂತರ ಒಂದು ಭ್ರೂಣ ಅವಳಿಗಳಾಗಿ ಒಡೆಯುವುದಿಲ್ಲ. ಜರ್ಮನಿಯಾದರೋ ತನ್ನ ಗತಕಾಲದ ಕಹಿನೆನಪಿನಿಂದ ಅದೇ 1990ರಲ್ಲಿ ಭ್ರೂಣ ಸಂರಕ್ಷಣೆಯ ಕಟ್ಟುನಿಟ್ಟಾದ ಕಾಯ್ದೆಯನ್ನು ತಂದಿತು. ಒಂದೇ ಪ್ರಶ್ನೆಗೆ ಎರಡು ಕ್ರೈಸ್ತ ಪರಂಪರೆಯ ದೇಶಗಳು ಎರಡು ಉತ್ತರ ಕೊಟ್ಟವು.

ಅಮೆರಿಕ ಮೂರನೆಯ ದಾರಿ ಹಿಡಿಯಿತು. ಅದು ಭ್ರೂಣ ಸಂಶೋಧನೆಯನ್ನು ನಿಷೇಧಿಸಲೂ ಇಲ್ಲ, ಅದಕ್ಕೆ ಚೌಕಟ್ಟು ಹಾಕಲೂ ಇಲ್ಲ. ಹಣದ ಚೀಲದ ಬಾಯಿಯನ್ನು ಮಾತ್ರ ಕಟ್ಟಿತು. 1996ರ ಜನವರಿಯಲ್ಲಿ ಜಾರಿಗೆ ಬಂದ ಡಿಕಿ-ವಿಕರ್ ತಿದ್ದುಪಡಿಯ ಪ್ರಕಾರ, ಭ್ರೂಣವನ್ನು ನಾಶಮಾಡುವ ಸಂಶೋಧನೆಗೆ ಕೇಂದ್ರ ಸರ್ಕಾರದ ಹಣ ಸಲ್ಲುವಂತಿರಲಿಲ್ಲ. ಖಾಸಗಿ ಹಣಕ್ಕೆ ಈ ಕಟ್ಟಳೆ ಇರಲಿಲ್ಲ. 1998ರ ನವೆಂಬರಿನಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೇಮ್ಸ್ ಥಾಮ್ಸನ್ ಅವರು ಮಾನವ ಭ್ರೂಣದಿಂದ ಆಕರಕೋಶಗಳನ್ನು ಮೊದಲ ಬಾರಿಗೆ ಬೇರ್ಪಡಿಸಿ ಬೆಳೆಸಿದ್ದು ಖಾಸಗಿ ಹಣದಿಂದಲೇ. ಈ ಕೋಶಗಳು ದೇಹದ ಯಾವ ಅಂಗದ ಕೋಶವಾಗಿಯಾದರೂ ಬೆಳೆಯಬಲ್ಲವು. ಪ್ರಯೋಗಾಲಯದಲ್ಲಿ ಅವುಗಳ ಸಂತತಿಯನ್ನು ವರ್ಷಗಟ್ಟಲೆ ಮುಂದುವರಿಸಬಹುದು. ಇಂತಹ ಸಂತತಿಗೆ ‘ಕೋಶಸಾಲು’ ಎಂದು ಹೆಸರು. ಆದರೆ ಅವುಗಳನ್ನು ತೆಗೆಯುವಾಗ, ಹುಟ್ಟಿ ನಾಲ್ಕೈದು ದಿನಗಳಾದ ಭ್ರೂಣ ಅಲ್ಲಿಗೇ ಕೊನೆಗಾಣುತ್ತದೆ.

ಬೆಂಗಳೂರಿನ ಹೆಸರು ಬಂದ ಪಟ್ಟಿ

2001ರ ಆಗಸ್ಟ್ 9ರ ರಾತ್ರಿ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಅವರು ದೂರದರ್ಶನದಲ್ಲಿ ರಾಷ್ಟ್ರವನ್ನು ಉದ್ದೇಶಿಸಿ ಮಾತನಾಡಿದರು. ಅದಕ್ಕೆ ಮುನ್ನ ಜುಲೈ 23ರಂದು ಅವರು ಇಟಲಿಯಲ್ಲಿ ಜಗದ್ಗುರು ಎರಡನೇ ಜಾನ್ ಪಾಲ್ ಅವರನ್ನು ಭೇಟಿಯಾಗಿದ್ದರು. ಸಂಶೋಧನೆಗಾಗಿ ಮಾನವ ಭ್ರೂಣಗಳನ್ನು ಸೃಷ್ಟಿಸುವುದನ್ನು ಜಗದ್ಗುರುಗಳು ಅಲ್ಲಿ ಬಹಿರಂಗವಾಗಿ ಖಂಡಿಸಿದ್ದರು. ಬುಷ್ ಅವರ ತೀರ್ಮಾನ ನಡುದಾರಿಯದು. ಆ ರಾತ್ರಿಯ ವೇಳೆಗಾಗಲೇ ತೆಗೆದಿದ್ದ ಕೋಶಸಾಲುಗಳ ಮೇಲಿನ ಸಂಶೋಧನೆಗೆ ಸರ್ಕಾರದ ಹಣ ಸಿಗುತ್ತದೆ. ಆನಂತರ ಭ್ರೂಣವನ್ನು ನಾಶಮಾಡಿ ತೆಗೆದುದಕ್ಕೆ ಸಿಗುವುದಿಲ್ಲ. ಭ್ರೂಣವು ಸಂತಾನಕ್ಕಾಗಿ ರೂಪಿಸಿ ಉಳಿದುದಾಗಿರಬೇಕು, ತಂದೆತಾಯಿಯರು ತಿಳಿದು ಸಮ್ಮತಿಸಿರಬೇಕು, ಅವರಿಗೆ ಹಣದ ಆಮಿಷ ಒಡ್ಡಿರಬಾರದು ಎಂಬ ಷರತ್ತುಗಳೂ ಇದ್ದವು.

ಹಾಗಾದರೆ ಅಂತಹ ಕೋಶಸಾಲುಗಳು ಜಗತ್ತಿನಲ್ಲಿ ಎಷ್ಟಿವೆ, ಎಲ್ಲಿವೆ? ಆಗಸ್ಟ್ 27ರಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ಒಂದು ಪಟ್ಟಿಯನ್ನು ಪ್ರಕಟಿಸಿತು. ಅದರಲ್ಲಿ ಐದು ದೇಶಗಳ ಹತ್ತು ಪ್ರಯೋಗಾಲಯಗಳ 64 ಕೋಶಸಾಲುಗಳಿದ್ದವು. ಆ ಹತ್ತರಲ್ಲಿ ಎರಡು ಭಾರತದವು. ಒಂದು ಮುಂಬಯಿಯ ರಿಲಯನ್ಸ್ ಲೈಫ್ ಸೈನ್ಸಸ್, ಏಳು ಸಾಲುಗಳು. ಇನ್ನೊಂದು ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರ, ಮೂರು ಸಾಲುಗಳು. ಬಳ್ಳಾರಿ ರಸ್ತೆಯಲ್ಲಿ ಕೃಷಿ ವಿಶ್ವವಿದ್ಯಾಲಯದ ಜಿ.ಕೆ.ವಿ.ಕೆ. ಆವರಣದೊಳಗಿರುವ ಈ ಕೇಂದ್ರದ ಹೆಸರು ಹೀಗೆ ಒಮ್ಮೆಗೇ ಜಗತ್ತಿನ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು.

ಅಂದು ಎದ್ದ ಪ್ರಶ್ನೆ ಇಂದಿಗೂ ಮನನೀಯ. ಅಮೆರಿಕವು ತನ್ನ ನೆಲದಲ್ಲಿ ಹಣ ಕೊಡಲು ಹಿಂಜರಿದ ಕೆಲಸಕ್ಕೆ ಭಾರತದ ಭ್ರೂಣಗಳು ಕಚ್ಚಾ ವಸ್ತುವಾಗಬಹುದೇ? ಭ್ರೂಣಗಳ ಬಗ್ಗೆ ನಮ್ಮಲ್ಲಿ ಆಗ ಪ್ರತ್ಯೇಕ ಕಾಯ್ದೆಯೇ ಇರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2000ದಲ್ಲಿ ಹೊರಡಿಸಿದ್ದ ನೈತಿಕ ಮಾರ್ಗಸೂಚಿ ಇತ್ತು. ಮಾನವ ಜೈವಿಕ ವಸ್ತುಗಳನ್ನು ಹೊರದೇಶಕ್ಕೆ ಕಳುಹಿಸಲು ಅನುಮತಿ ಬೇಕೆಂಬ ನಿಯಮವೂ ಇತ್ತು. ಕೊನೆಗೆ ಆದದ್ದೇನೆಂದರೆ, ಅಮೆರಿಕದ ಪಟ್ಟಿ 78ಕ್ಕೆ ಬೆಳೆದರೂ ಸಂಶೋಧಕರ ಕೈಗೆ ನಿಜವಾಗಿ ಸಿಕ್ಕಿದವು ಇಪ್ಪತ್ತೊಂದು ಸಾಲುಗಳು ಮಾತ್ರ. ಅವುಗಳಲ್ಲಿ ಭಾರತದ ಒಂದೂ ಇರಲಿಲ್ಲ.

ಬುಷ್ ಅವರು 2006ರಲ್ಲಿಯೂ 2007ರಲ್ಲಿಯೂ ಈ ಕಟ್ಟನ್ನು ಸಡಿಲಿಸುವ ಮಸೂದೆಗಳನ್ನು ತಿರಸ್ಕರಿಸಿದರು. ಅತ್ತ ಕ್ಯಾಲಿಫೋರ್ನಿಯ ರಾಜ್ಯದ ಮತದಾರರು 2004ರಲ್ಲಿಯೇ 300 ಕೋಟಿ ಡಾಲರುಗಳ ಸಾಲಪತ್ರಗಳಿಗೆ ಒಪ್ಪಿಗೆಯಿತ್ತು ತಮ್ಮದೇ ನಿಧಿ ಮಾಡಿಕೊಂಡಿದ್ದರು. 2009ರ ಮಾರ್ಚ್ 9ರಂದು ಅಧ್ಯಕ್ಷ ಒಬಾಮಾ ಅವರು ಹಳೆಯ ಆದೇಶವನ್ನು ತೆಗೆದುಹಾಕಿದರು. ಭ್ರೂಣದಿಂದ ಕೋಶಗಳನ್ನು ತೆಗೆಯುವ ಕಾರ್ಯಕ್ಕೆ ಮಾತ್ರ 1996ರ ತಿದ್ದುಪಡಿಯ ತಡೆ ಹಾಗೆಯೇ ಉಳಿಯಿತು.

ಧರ್ಮಸಭೆ ಹೇಳಿದ್ದೇನು?

ಈ ವಿವಾದದಲ್ಲಿ ಧರ್ಮಸಭೆಯನ್ನು ವಿಜ್ಞಾನದ ವೈರಿಯೆಂದು ಚಿತ್ರಿಸಿದವರು ಅನೇಕರು. ಅದು ಸತ್ಯಕ್ಕೆ ದೂರ. 1987ರಲ್ಲಿ ರೋಮ್ ಹೊರಡಿಸಿದ ‘ದೋನುಮ್ ವೀತೇ’ ಎಂಬ ಬೋಧನೆಯೂ, 1995ರ ‘ಎವಾಂಜೆಲಿಯುಮ್ ವೀತೇ’ ಎಂಬ ವಿಶ್ವಪತ್ರವೂ, 2008ರ ‘ದಿಗ್ನಿತಾಸ್ ಪೆರ್ಸೋನೆ’ಯೂ ಒಂದೇ ಮಾತನ್ನು ಬೇರೆ ಬೇರೆ ಕೋನಗಳಿಂದ ಹೇಳುತ್ತವೆ. ಗರ್ಭಧಾರಣೆಯ ಕ್ಷಣದಿಂದ ಮಾನವಜೀವಕ್ಕೆ ಗೌರವ ಸಲ್ಲಬೇಕು; ಇನ್ನೊಬ್ಬರ ರೋಗ ಗುಣವಾಗಲೆಂದು ಒಂದು ಜೀವವನ್ನು ಸಾಧನವಾಗಿ ಬಳಸಕೂಡದು. ಆದರೆ ವಯಸ್ಕರ ದೇಹದಿಂದ, ಹೆರಿಗೆಯ ಸಮಯದ ಹೊಕ್ಕುಳಬಳ್ಳಿಯ ರಕ್ತದಿಂದ ಪಡೆಯುವ ಆಕರಕೋಶಗಳ ಸಂಶೋಧನೆಯನ್ನು 2008ರ ಬೋಧನೆ ಸ್ಪಷ್ಟವಾಗಿ ಪ್ರೋತ್ಸಾಹಿಸುತ್ತದೆ. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಭ್ರೂಣದ ವಿಷಯವಾಗಿ ಒಂದೇ ಅಭಿಪ್ರಾಯವಿಲ್ಲ. ಬ್ರಿಟನ್ನಿನ ಹದಿನಾಲ್ಕು ದಿನಗಳ ಗೆರೆಯನ್ನು ಒಪ್ಪಿದ ಕ್ರೈಸ್ತರೂ ಇದ್ದಾರೆ. ನಮ್ಮ ನೆರೆಯ ಹಿಂದೂ, ಮುಸ್ಲಿಂ ಬಂಧುಗಳ ಚಿಂತನೆಯೂ ಬೇರೆ ಬೇರೆ. ಬಹುಧರ್ಮಗಳ ನಾಡಿನಲ್ಲಿ ಕಾಯ್ದೆ ಮಾಡುವವರ ಕಷ್ಟ ಇದು.

ವಿಜ್ಞಾನವೇ ಈ ಬಿಕ್ಕಟ್ಟಿಗೆ ಒಂದು ಬಾಗಿಲು ತೆರೆದದ್ದನ್ನು ಇಲ್ಲಿ ನೆನೆಯಬೇಕು. ಜಪಾನಿನ ಕ್ಯೋಟೊ ನಗರದ ಶಿನ್ಯಾ ಯಾಮಾನಾಕಾ ಅವರು 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯರ ಸಾಮಾನ್ಯ ಚರ್ಮಕೋಶಗಳನ್ನೇ ಭ್ರೂಣದ ಆಕರಕೋಶಗಳಂತಾಗುವ ಹಾಗೆ ಮಾಡಿದರು. 2012ರಲ್ಲಿ ಅವರು ನೊಬೆಲ್ ಪಾರಿತೋಷಕದ ಪಾಲುದಾರರಾದರು. ಭ್ರೂಣವನ್ನು ಮುಟ್ಟದೆಯೇ ಮುಂದುವರಿಯಬಹುದಾದ ದಾರಿ ಅದು. ಇದಕ್ಕೆ ವಿರುದ್ಧವಾದ ನಿದರ್ಶನವೂ ಅದೇ ಕಾಲದ್ದು. ಮಾನವ ಭ್ರೂಣದ ಪ್ರತಿರೂಪದಿಂದ ಆಕರಕೋಶ ಪಡೆದೆನೆಂದು ಸಾರಿದ ದಕ್ಷಿಣ ಕೊರಿಯದ ಹ್ವಾಂಗ್ ವೂ-ಸುಕ್ ಅವರ ಲೇಖನಗಳು ಸುಳ್ಳೆಂದು ತಿಳಿದು 2006ರ ಜನವರಿಯಲ್ಲಿ ಹಿಂತೆಗೆಯಲ್ಪಟ್ಟವು. ಅವರ ಕೈಕೆಳಗೆ ದುಡಿಯುತ್ತಿದ್ದ ತರುಣಿಯರ ಅಂಡಾಣುಗಳನ್ನೂ ಬಳಸಲಾಗಿತ್ತೆಂಬುದು ಬೆಳಕಿಗೆ ಬಂದಿತು. ಅಧಿಕಾರಿಯ ಮುಂದೆ ನಿಂತ ನೌಕರಳ ‘ಒಪ್ಪಿಗೆ’ ಎಷ್ಟರಮಟ್ಟಿಗೆ ಒಪ್ಪಿಗೆ? ಈ ಪ್ರಶ್ನೆ ಕೊರಿಯಕ್ಕೆ ಮಾತ್ರ ಸೇರಿದ್ದಲ್ಲ.

ನಮ್ಮ ದೇಶದ ಕಟ್ಟಳೆಗಳು

ಭಾರತದಲ್ಲಿ ಮೂಲವಿಜ್ಞಾನದ ಬಹುಪಾಲು ಸರ್ಕಾರದ ಹಣದಿಂದ ನಡೆಯುತ್ತದೆ. 1986ರಲ್ಲಿ ಆರಂಭವಾದ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಆಕರಕೋಶ ಸಂಶೋಧನೆಯ ದೊಡ್ಡ ಪೋಷಕ. 2007ರಲ್ಲಿ ಈ ಇಲಾಖೆಯೂ ವೈದ್ಯಕೀಯ ಸಂಶೋಧನಾ ಮಂಡಳಿಯೂ ಕೂಡಿ ಆಕರಕೋಶ ಸಂಶೋಧನೆ ಮತ್ತು ಚಿಕಿತ್ಸೆಯ ಮಾರ್ಗಸೂಚಿಯನ್ನು ಹೊರಡಿಸಿದವು. ಸಂಶೋಧನೆಗಳನ್ನು ಅನುಮತಿಸಬಹುದಾದವು, ವಿಶೇಷ ಪರಿಶೀಲನೆ ಬೇಕಾದವು, ನಿಷಿದ್ಧವಾದವು ಎಂದು ಮೂರು ಬಗೆಯಾಗಿ ವಿಂಗಡಿಸಲಾಯಿತು. ಸಂತಾನ ಚಿಕಿತ್ಸೆಯಲ್ಲಿ ಉಳಿದ ಭ್ರೂಣಗಳಿಂದ, ದಂಪತಿಗಳ ಸಮ್ಮತಿಯಿದ್ದರೆ, ಕೋಶಸಾಲು ಪಡೆಯಬಹುದು. ಸಂಶೋಧನೆಗೆಂದೇ ಭ್ರೂಣವನ್ನು ರೂಪಿಸುವುದಕ್ಕೆ ಬಿಗಿಯಾದ ಪರಿಶೀಲನೆ ಬೇಕು. ಹದಿನಾಲ್ಕು ದಿನಗಳನ್ನು ಮೀರಿ ಬೆಳೆಸುವುದು, ಮನುಷ್ಯರ ಪ್ರತಿರೂಪವನ್ನು ಹುಟ್ಟಿಸಲು ಯತ್ನಿಸುವುದು ನಿಷಿದ್ಧ. ಪ್ರತಿ ಸಂಸ್ಥೆಯಲ್ಲಿ ಒಂದು ಸಮಿತಿ, ಅವುಗಳ ಮೇಲೆ ಒಂದು ರಾಷ್ಟ್ರೀಯ ಉನ್ನತ ಸಮಿತಿ ಇರಬೇಕೆಂದು ವಿಧಿಸಲಾಯಿತು.

ಇದೇ ಕಾಲದಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಡಾ. ಮನೀಷಾ ಇನಾಮ್ದಾರ್ ಮತ್ತು ಅವರ ಸಂಗಡಿಗರು ಎರಡು ಕೋಶಸಾಲುಗಳನ್ನು ಪಡೆದು 2009ರಲ್ಲಿ ಪ್ರಕಟಿಸಿದರು. ಗರ್ಭಕ್ಕೆ ಸೇರಿಸಲು ಯೋಗ್ಯವಲ್ಲವೆಂದು ವಿಸರ್ಜಿಸಬೇಕಾಗಿದ್ದ ಭ್ರೂಣಗಳಿಂದ ಅವು ಬಂದವು. ಬ್ರಿಟನ್ನಿನ ಆಕರಕೋಶ ಭಂಡಾರವೂ ಅವನ್ನು ಸ್ವೀಕರಿಸಿತು. ಭ್ರೂಣದ ವಿಷಯದಲ್ಲಿ ಧರ್ಮಸಭೆಯ ನಿಲುವನ್ನು ಹಿಡಿದವರು ಇದನ್ನೂ ಒಪ್ಪುವುದಿಲ್ಲ. ಆದರೆ ಎಲ್ಲಿಂದ ತಂದರು, ಹೇಗೆ ತಂದರು ಎಂಬುದನ್ನು ಮುಚ್ಚಿಡದೆ ಹೇಳಿದ್ದಾರೆ ಎಂಬುದನ್ನು ಅವರೂ ಗಮನಿಸಬೇಕು. ಮುಂದೆ ಜಿ.ಕೆ.ವಿ.ಕೆ. ಆವರಣದಲ್ಲಿಯೇ ‘ಇನ್‌ಸ್ಟೆಮ್’ ಎಂಬ ಪ್ರತ್ಯೇಕ ಆಕರಕೋಶ ಸಂಸ್ಥೆಯನ್ನು ಕೇಂದ್ರ ಸರ್ಕಾರ ಕಟ್ಟಿತು.

ಈಗ ಈ ಕಥೆಯ ತಿರುಳಿಗೆ ಬರೋಣ. ಮಾರ್ಗಸೂಚಿ ಎಂಬುದು ಕಾಯ್ದೆಯಲ್ಲ. ಸರ್ಕಾರದ ಅನುದಾನ ಪಡೆಯುವ ಸಂಸ್ಥೆ ಅದನ್ನು ಮೀರಿದರೆ ಅನುದಾನ ನಿಲ್ಲುತ್ತದೆ. ಆದುದರಿಂದ ಅದು ಪಾಲಿಸುತ್ತದೆ. ಆದರೆ ಅನುದಾನವನ್ನೇ ಕೇಳದ ಖಾಸಗಿ ಕ್ಲಿನಿಕ್ಕಿಗೆ ಯಾವ ಭಯ? ಅದರ ಹಣ ಬರುವುದು ದೆಹಲಿಯಿಂದಲ್ಲ, ರೋಗಿಯ ಮನೆಯಿಂದ. ಹಣದ ಬೆನ್ನು ಹತ್ತಿ ನಡೆಯುವ ನೀತಿ ಹಣ ನಿಲ್ಲುವ ಕಡೆಯೇ ನಿಂತುಬಿಡುತ್ತದೆ. ಅಮೆರಿಕದಲ್ಲಿ 1996ರಲ್ಲಿ ಕಂಡ ಬಿರುಕು ನಮ್ಮಲ್ಲಿ ಇನ್ನೊಂದು ಬಗೆಯಾಗಿ ಕಾಣಿಸಿತು. ಅಲ್ಲಿ ಭ್ರೂಣದ ಪ್ರಶ್ನೆ ಖಾಸಗಿ ಪ್ರಯೋಗಾಲಯಕ್ಕೆ ಜಾರಿತು. ಇಲ್ಲಿ ರೋಗಿಯ ಪ್ರಶ್ನೆ ಖಾಸಗಿ ಕ್ಲಿನಿಕ್ಕಿಗೆ ಜಾರಿತು. ಬೆನ್ನುಹುರಿಯ ಪೆಟ್ಟು, ಮೆದುಳಿನ ಪಾರ್ಶ್ವವಾಯು, ಆಟಿಸಂ, ಸ್ನಾಯು ಕ್ಷಯಿಸುವ ರೋಗ, ಇವುಗಳಿಂದ ಬಳಲುವ ಮಕ್ಕಳ ತಂದೆತಾಯಿಯರಿಂದ ಲಕ್ಷಗಟ್ಟಲೆ ಹಣ ಪಡೆದು, ಸಾಬೀತಾಗದ ಚುಚ್ಚುಮದ್ದು ಕೊಡುವ ವ್ಯಾಪಾರ ದೇಶದ ಅನೇಕ ನಗರಗಳಲ್ಲಿ ಬೆಳೆಯಿತು.

ಇದನ್ನರಿತು ಸರ್ಕಾರ ಹೆಜ್ಜೆ ಹೆಜ್ಜೆಯಾಗಿ ಹಿಡಿತ ಬಿಗಿಗೊಳಿಸಿತು. 2013ರಲ್ಲಿ ಮಾರ್ಗಸೂಚಿಯನ್ನು ಪರಿಷ್ಕರಿಸಿದಾಗ ಅದರ ಹೆಸರಿನಿಂದ ‘ಚಿಕಿತ್ಸೆ’ ಎಂಬ ಪದವನ್ನೇ ತೆಗೆದು ‘ಸಂಶೋಧನೆ’ ಎಂಬುದನ್ನಷ್ಟೇ ಉಳಿಸಲಾಯಿತು. ಪದವೊಂದರ ಲೋಪವೇ ಒಂದು ಎಚ್ಚರಿಕೆಯಾಯಿತು: ಇನ್ನೂ ಚಿಕಿತ್ಸೆಯಾಗದುದನ್ನು ಚಿಕಿತ್ಸೆಯೆಂದು ಕರೆಯಬೇಡಿ. 2017ರ ಪರಿಷ್ಕರಣೆ ಇದನ್ನೇ ಖಚಿತಪಡಿಸಿತು. ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆಯ ಕಸಿಯಂತಹ ಅಂಗೀಕೃತ ವಿಧಾನವನ್ನು ಬಿಟ್ಟರೆ ಉಳಿದದ್ದೆಲ್ಲ ಪ್ರಯೋಗವೇ. ಅದು ಅನುಮತಿ ಪಡೆದ ವೈದ್ಯಕೀಯ ಪ್ರಯೋಗವಾಗಿ ಮಾತ್ರ ನಡೆಯಬೇಕು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳಲ್ಲಿ ಆಕರಕೋಶದಿಂದ ತಯಾರಾದ ಉತ್ಪನ್ನವನ್ನು ‘ಹೊಸ ಔಷಧ’ದ ಸಾಲಿಗೆ ಸೇರಿಸಲಾಯಿತು. ಅಂದರೆ ಕಾಯ್ದೆಯ ಬಲ ಬಂದಿತು. ಪ್ರಯೋಗದಲ್ಲಿ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಪಡೆಯುವ ಹಕ್ಕು ಈ ನಿಯಮಗಳಲ್ಲಿದೆ. 2022ರ ಡಿಸೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿಯು ಆಟಿಸಂಗೆ ಆಕರಕೋಶ ಚಿಕಿತ್ಸೆ ಶಿಫಾರಸಿಗೆ ಅರ್ಹವಲ್ಲವೆಂದೂ, ಅದನ್ನು ಜಾಹೀರಾತು ಮಾಡಿ ಕೊಡುವುದು ವೃತ್ತಿಗೆ ಸಲ್ಲದ ನಡತೆಯೆಂದೂ ತಿಳಿಸಿತು.

ಭ್ರೂಣಗಳ ಬಗ್ಗೆ ಕಾಯ್ದೆ ಬರಲು ಇನ್ನೂ ತಡವಾಯಿತು. 2008ರಿಂದ ಕರಡುಗಳಾಗಿಯೇ ಉಳಿದಿದ್ದ ಮಸೂದೆ ಕೊನೆಗೆ 2021ರ ಡಿಸೆಂಬರಿನಲ್ಲಿ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯ್ದೆಯಾಯಿತು. ಅದರ ಪ್ರಕಾರ ಭ್ರೂಣವನ್ನು ಹತ್ತು ವರ್ಷಗಳಿಗಿಂತ ಹೆಚ್ಚು ಕಾಲ ಇಡುವಂತಿಲ್ಲ. ಆನಂತರ ಅದನ್ನು ನಶಿಸಲು ಬಿಡಬೇಕು, ಇಲ್ಲವೇ ದಂಪತಿಗಳ ಸಮ್ಮತಿಯಿಂದ ನೋಂದಾಯಿತ ಸಂಶೋಧನಾ ಸಂಸ್ಥೆಗೆ ಕೊಡಬೇಕು. ಸಂಶೋಧನೆಗಾಗಿ ಭ್ರೂಣವನ್ನು ಹೊರದೇಶಕ್ಕೆ ಸಾಗಿಸುವುದು ಸಂಪೂರ್ಣ ನಿಷಿದ್ಧ. 2001ರ ಆಗಸ್ಟಿನಲ್ಲಿ ಬೆಂಗಳೂರಿನ ಹೆಸರು ಪಟ್ಟಿಯಲ್ಲಿ ಬಂದಾಗ ಎದ್ದ ಪ್ರಶ್ನೆಗೆ ಶಾಸನದ ಉತ್ತರ ಸಿಗಲು ಇಪ್ಪತ್ತು ವರ್ಷಗಳು ಬೇಕಾದವು.

ವೆಲ್ಲೂರಿನ ಅಧ್ಯಾಯ

ಇನ್ನು ಪೂರ್ವದಿಕ್ಕಿನ ದಾರಿಯನ್ನು ನೋಡೋಣ. 1900ರಲ್ಲಿ ಡಾ. ಐಡಾ ಸ್ಕಡರ್ ಅವರು ಒಂದೇ ಹಾಸಿಗೆಯ ಚಿಕಿತ್ಸಾಲಯವಾಗಿ ಆರಂಭಿಸಿದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಅನೇಕ ಸಭೆಗಳ ಸಹಕಾರದಿಂದ ಬೆಳೆದದ್ದು. 1986ರಲ್ಲಿ ಅಲ್ಲಿ ಡಾ. ಮ್ಯಾಮನ್ ಚಾಂಡಿ ಅವರ ನೇತೃತ್ವದಲ್ಲಿ ಅಸ್ಥಿಮಜ್ಜೆಯ ಕಸಿ ಆರಂಭವಾಯಿತು. ತಲಸ್ಸೇಮಿಯ ಎಂಬ ಆನುವಂಶಿಕ ರಕ್ತಹೀನತೆಯಿಂದ ತಿಂಗಳು ತಿಂಗಳೂ ರಕ್ತ ಏರಿಸಿಕೊಳ್ಳಬೇಕಾದ ಮಕ್ಕಳಿಗೆ ಒಡಹುಟ್ಟಿದವರ ಮಜ್ಜೆ ಹೊಸ ಬಾಳನ್ನು ಕೊಟ್ಟಿತು. 2017ರಿಂದ ಕೋಲ್ ಇಂಡಿಯಾ ಸಂಸ್ಥೆಯ ಸೇವಾ ಯೋಜನೆಯೊಂದು ಅರ್ಹ ತಲಸ್ಸೇಮಿಯ ಮಕ್ಕಳ ಕಸಿಗೆ ಹತ್ತು ಲಕ್ಷ ರೂಪಾಯಿಗಳವರೆಗೆ ನೆರವು ನೀಡಿದೆ. ನೆರವು ದೊರೆಯುವ ಆಸ್ಪತ್ರೆಗಳಲ್ಲಿ ವೆಲ್ಲೂರೂ ಒಂದು.

2005ರಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆಯ ಹಣದಿಂದ ಅದೇ ಸಂಸ್ಥೆಯ ಆಶ್ರಯದಲ್ಲಿ ಆಕರಕೋಶ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ಮುಂದೆ ಅದು ಬೆಂಗಳೂರಿನ ಇನ್‌ಸ್ಟೆಮ್‌ನ ಘಟಕವಾಯಿತು. ಹೀಗೆ ನಮ್ಮ ಜಿಲ್ಲೆಯ ಜನರು ಬಸ್ಸಿನಲ್ಲಿ ಜೋಡಿಸುತ್ತಿದ್ದ ಎರಡು ಊರುಗಳನ್ನು ವಿಜ್ಞಾನವೂ ಜೋಡಿಸಿತು.

ಈ ಕೂಡುದಾರಿಯ ಫಲ 2024ರಲ್ಲಿ ಕಾಣಿಸಿತು. ಸಣ್ಣ ಪೆಟ್ಟಾದರೂ ಒಳಗೊಳಗೇ ರಕ್ತ ಸೋರುವ ಹೀಮೋಫಿಲಿಯಾವನ್ನು ಕನ್ನಡದಲ್ಲಿ ಕುಸುಮರೋಗ ಎನ್ನುತ್ತಾರೆ. ಡಾ. ಅಲೋಕ್ ಶ್ರೀವಾಸ್ತವ ಮತ್ತು ಸಂಗಡಿಗರು ಈ ರೋಗವಿದ್ದ ಐವರ ಸ್ವಂತ ರಕ್ತದ ಆಕರಕೋಶಗಳನ್ನೇ ಹೊರತೆಗೆದು, ರಕ್ತ ಹೆಪ್ಪುಗಟ್ಟಿಸುವ ಅಂಶವನ್ನು ತಯಾರಿಸುವ ವಂಶವಾಹಿಯನ್ನು ಅವುಗಳೊಳಗೆ ಸೇರಿಸಿ ಮತ್ತೆ ಅವರಿಗೇ ಕೊಟ್ಟರು. ಐವರಲ್ಲಿಯೂ ರಕ್ತಸ್ರಾವ ನಿಂತಿತೆಂದು ಆ ವರ್ಷದ ಡಿಸೆಂಬರಿನಲ್ಲಿ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಪ್ರಕಟವಾಯಿತು. ಇಲ್ಲಿ ಭ್ರೂಣವಿಲ್ಲ, ರೋಗಿಯ ಕೋಶ ರೋಗಿಗೇ ಮರಳಿದೆ. ಸರ್ಕಾರದ ಹಣ, ಸಮಿತಿಯ ಪರಿಶೀಲನೆ, ಅನುಮತಿ ಪಡೆದ ಪ್ರಯೋಗ, ಬಹಿರಂಗ ವರದಿ, ಎಲ್ಲವೂ ಇವೆ. ಐವರೆಂದರೆ ಐವರೇ, ಎಲ್ಲರಿಗೂ ಸಿದ್ಧವಾದ ಚಿಕಿತ್ಸೆಯೆಂದು ಅವರೇನೂ ಸಾರಲಿಲ್ಲ. ಸಾವಧಾನವೂ ಪ್ರಾಮಾಣಿಕತೆಯ ಒಂದು ಮುಖ.

ಇಂತಹದೇ ಇನ್ನೊಂದು ನಿದರ್ಶನ ನೆರೆಯ ಹೈದರಾಬಾದಿನದು. ಎಲೆ ಅಡಿಕೆಯ ಸುಣ್ಣದ ಪೊಟ್ಟಣ ಒಡೆದು ಕಣ್ಣಿಗೆ ಸಿಡಿದ ಮಕ್ಕಳ ಕಥೆಯನ್ನು ನೀವೂ ಕೇಳಿರಬಹುದು. ಎಲ್.ವಿ. ಪ್ರಸಾದ್ ಕಣ್ಣಿನ ಆಸ್ಪತ್ರೆಯಲ್ಲಿ 2001ರಿಂದ, ಒಳ್ಳೆಯ ಕಣ್ಣಿನ ಅಂಚಿನಿಂದ ತೆಗೆದ ಆಕರಕೋಶಗಳಿಂದ ಸುಟ್ಟ ಕಣ್ಣಿನ ಮೇಲ್ಪೊರೆಯನ್ನು ಮತ್ತೆ ಬೆಳೆಸುವ ವಿಧಾನ ನಡೆದುಬಂದಿದೆ. ಇದು ಮಾಯೆಯಲ್ಲ, ವರ್ಷಗಟ್ಟಲೆ ಪರೀಕ್ಷಿಸಿ, ಫಲಿತಾಂಶಗಳನ್ನು ಬರೆದಿಟ್ಟ ವಿದ್ಯೆ.

ನಾವು ಕೇಳಬೇಕಾದ ಪ್ರಶ್ನೆಗಳು

ಪ್ರಿಯ ವಾಚಕರೇ, ಕಾಯ್ದೆಗಳು ದೆಹಲಿಯಲ್ಲಾಗುತ್ತವೆ. ಆದರೆ ಸಮ್ಮತಿಪತ್ರಕ್ಕೆ ಸಹಿ ಬೀಳುವುದು ಆಸ್ಪತ್ರೆಯ ಮೇಜಿನ ಮೇಲೆ, ಕಣ್ಣೀರು ಒರೆಸಿಕೊಳ್ಳುತ್ತಿರುವ ತಂದೆಯೋ ತಾಯಿಯೋ ಹಿಡಿದ ಲೇಖನಿಯಿಂದ. ಆ ಗಳಿಗೆಯಲ್ಲಿ ಕೇಳಬೇಕಾದ ಕೆಲವು ಪ್ರಶ್ನೆಗಳನ್ನು ಈಗಲೇ ನೆನಪಿನಲ್ಲಿಡುವುದು ಒಳಿತು.

ಇದು ಅಂಗೀಕೃತ ಚಿಕಿತ್ಸೆಯೋ ಪ್ರಯೋಗವೋ? ಪ್ರಯೋಗವೆಂದಾದರೆ ಕ್ಲಿನಿಕಲ್ ಪ್ರಯೋಗಗಳ ರಾಷ್ಟ್ರೀಯ ದಾಖಲೆಯಲ್ಲಿ ಅದರ ನೋಂದಣಿ ಸಂಖ್ಯೆ ಯಾವುದು? 2009ರಿಂದ ಈ ನೋಂದಣಿ ಕಡ್ಡಾಯ. ಪ್ರಯೋಗಕ್ಕೆ ರೋಗಿಯಿಂದ ಹಣ ಕೇಳುತ್ತಿದ್ದಾರೆಯೇ? ಕೇಳುತ್ತಿದ್ದರೆ ಅಲ್ಲಿಯೇ ಸಂಶಯಪಡಿ. ಆಕರಕೋಶ ಎಲ್ಲಿಂದ ಬಂದಿದೆ, ನಿಮ್ಮ ಮಗುವಿನದೋ ಬೇರೆಯವರದೋ, ಭ್ರೂಣದ್ದೋ? ಸಮ್ಮತಿಪತ್ರ ನಿಮಗೆ ತಿಳಿಯುವ ಭಾಷೆಯಲ್ಲಿದೆಯೇ? ನಮ್ಮ ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ಎಲ್ಲವನ್ನೂ ಆಡುವವರಿದ್ದಾರೆ. ಓದಿ ತಿಳ್ಕೊಳ್ಳಲಾಗದ ಇಂಗ್ಲಿಷ್ ಕಾಗದಕ್ಕೆ ಒತ್ತಿದ ಹೆಬ್ಬೆಟ್ಟು ಸಮ್ಮತಿಯಲ್ಲ. ಬೇಡವೆಂದರೆ ಮಗುವಿನ ಮಾಮೂಲಿ ಚಿಕಿತ್ಸೆಗೆ ತೊಂದರೆಯಾಗುವುದಿಲ್ಲವೆಂದು ಬರೆದುಕೊಟ್ಟಿದ್ದಾರೆಯೇ?

ಗರ್ಭಿಣಿಯರ ಮನೆಗೆ ಬಂದು ಹೊಕ್ಕುಳಬಳ್ಳಿಯ ರಕ್ತವನ್ನು ಹಣ ಕಟ್ಟಿ ಕಾದಿಡಲು ಒತ್ತಾಯಿಸುವವರ ಮಾತನ್ನೂ ಹೀಗೆಯೇ ತೂಗಿ ನೋಡಿ. ಈ ರಕ್ತದ ಶೇಖರಣೆಗೆ ಪರವಾನಗಿಯಿದೆ. ಆದರೆ ಮಗುವಿನ ಸ್ವಂತ ಬಳಕೆಗೆಂದು ಖಾಸಗಿಯಾಗಿ ಇಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ವೈದ್ಯಕೀಯ ಸಂಶೋಧನಾ ಮಂಡಳಿಯೇ ಹೇಳಿದೆ. ಮನೆಯಲ್ಲಿ ಈಗಾಗಲೇ ರಕ್ತದ ಕಾಯಿಲೆಯ ಮಗುವಿದ್ದರೆ ಮಾತ್ರ ಬೇರೆ ಮಾತು. ಅದನ್ನು ನಿಮ್ಮ ವೈದ್ಯರನ್ನೇ ಕೇಳಿ. ಸಾಲ ಮಾಡಿ ಕಂತು ಕಟ್ಟುವ ಮುನ್ನ ಒಂದು ರಾತ್ರಿ ಯೋಚಿಸಿರಿ.

ಮೋಸವಾಯಿತೆಂದು ಅನ್ನಿಸಿದರೆ ಸುಮ್ಮನಿರಬೇಕಾಗಿಲ್ಲ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರವಿದೆ. ಅದಕ್ಕೆ ದೂರು ಸಲ್ಲಿಸಬಹುದು. ಓದುಬರಹ ಬಲ್ಲ ನೆರೆಯವರು, ಧರ್ಮಕೇಂದ್ರದ ಯುವಜನರು ದೂರು ಬರೆದುಕೊಟ್ಟರೆ ಅದೂ ಒಂದು ಕರುಣೆಯ ಕೆಲಸ.

ಆಕರಕೋಶ ಸಂಶೋಧನೆಯ ಇತಿಹಾಸವನ್ನು ಹಿಂದಿರುಗಿ ನೋಡಿದರೆ ಎರಡು ಅಬಲ ಜೀವಗಳು ಕಣ್ಣ ಮುಂದೆ ನಿಲ್ಲುತ್ತವೆ. ಒಂದು, ಮಾತನಾಡಲಾರದ ಭ್ರೂಣ. ಇನ್ನೊಂದು, ಆಸೆಯಿಂದ ಮಾತೇ ಹೊರಡದ ರೋಗಿ. ಮೊದಲನೆಯದರ ಪರವಾಗಿ ಜಗತ್ತು ಬಹಳ ವಾದಿಸಿದೆ. ನಾವೂ ವಾದಿಸಿದ್ದೇವೆ, ವಾದಿಸುತ್ತಲೇ ಇರಬೇಕು. ಎರಡನೆಯವನ ಪರವಾಗಿ ವಾದಿಸಿದವರು ಕಡಿಮೆ. ಜೀವದ ಗೌರವವನ್ನು ಸಾರುವ ನಾವು, ಹಣದ ಆಸೆಗೆ ಬಲಿಯಾಗುವ ಬಡರೋಗಿಯ ವಿಷಯದಲ್ಲಿಯೂ ಅಷ್ಟೇ ಗಟ್ಟಿಯಾಗಿ ಮಾತನಾಡಬೇಡವೇ? ಕಾಯ್ದೆ ನಿಧಾನವಾಗಿ ಬರುತ್ತದೆ. ಅದು ಬರುವವರೆಗೆ, ಬಂದ ಮೇಲೂ, ನೊಂದವರ ಪಕ್ಕದಲ್ಲಿ ಕುಳಿತು ಆ ಕಾಗದವನ್ನು ಅವರಿಗೆ ಓದಿ ಹೇಳುವ ಒಬ್ಬರು ಬೇಕು. ಆ ಒಬ್ಬರು ನೀವಾಗಬಹುದು.